ತೊಗರಿಬೇಳೆಯ ಬೆಲೆ ಮತ್ತು ಸಟ್ಟಾ ವ್ಯಾಪಾರ

2015ರ ಅಕ್ಟೋಬರ್‌ನಲ್ಲಿ ದೇಶದ ಹಲವು ನಗರಗಳಲ್ಲಿ ಕಿಲೋ ತೊಗರಿಬೇಳೆ 200 ರೂಪಾಯಿ ಮುಟ್ಟಿತು. ಮಳೆ ಕೈಕೊಟ್ಟಿದ್ದರಿಂದ ಕೊರತೆ ಇದ್ದದ್ದು ನಿಜ. 2013–14ರಲ್ಲಿ ಸುಮಾರು 32 ಲಕ್ಷ ಟನ್ ಇದ್ದ ತೊಗರಿ ಉತ್ಪಾದನೆ ಮರುವರ್ಷ 28 ಲಕ್ಷ ಟನ್‌ಗೆ ಇಳಿದಿತ್ತು. ಆದರೆ ವರ್ಷದೊಳಗೆ ಬೆಲೆ ದುಪ್ಪಟ್ಟಾಗಲು ಅದೊಂದೇ ಸಾಲದು.

ಸಟ್ಟಾದ ಎರಡು ದಾರಿ

ಮುಂದೆ ದರ ಏರುತ್ತದೆಂದು ಎಣಿಸಿ ಈಗಲೇ ಕೊಳ್ಳುವುದು ಸಟ್ಟಾ. ವಾಯಿದಾ ಪೇಟೆಯಲ್ಲಿ ಮುಂದಿನ ತಿಂಗಳ ಮಾಲಿಗೆ ಇಂದೇ ದರ ಗೊತ್ತುಮಾಡಿ, ಒಟ್ಟು ಮೊತ್ತದ ಸಣ್ಣ ಪಾಲಾದ ಮಾರ್ಜಿನ್ ಹಣವನ್ನಷ್ಟೇ ಕಟ್ಟುತ್ತಾರೆ; ಹೆಚ್ಚಿನ ಸೌದಾಗಳು ಮಾಲು ಕೈಬದಲಾಗದೆಯೇ ಮುಗಿಯುತ್ತವೆ. ಇನ್ನೊಂದು ದಾರಿ ಹಳೆಯದು: ಕೊಂಡ ಕಾಳನ್ನು ಗೋದಾಮಿನಲ್ಲಿಟ್ಟು ಕಾಯುವುದು.

ನಿಷೇಧದಿಂದ ಆದದ್ದೇನು

ತೊಗರಿ, ಉದ್ದಿನ ವಾಯಿದಾ ವ್ಯಾಪಾರವನ್ನು ಸರ್ಕಾರ 2007ರ ಜನವರಿಯಲ್ಲೇ ನಿಲ್ಲಿಸಿತ್ತು. ವಾಯಿದಾದಿಂದಲೇ ಬೆಲೆ ಏರಿತೆನ್ನಲು ಖಚಿತ ಆಧಾರ ಸಿಗಲಿಲ್ಲವೆಂದು ಸರ್ಕಾರವೇ ನೇಮಿಸಿದ್ದ ಅಭಿಜಿತ್ ಸೇನ್ ಸಮಿತಿ 2008ರಲ್ಲಿ ವರದಿ ಕೊಟ್ಟಿತು. ಏಳು ವರ್ಷದ ನಂತರ, ತೊಗರಿಗೆ ವಾಯಿದಾ ಪೇಟೆಯೇ ಇಲ್ಲದಾಗ, ಅದರ ಬೆಲೆ ಹಾಗೆ ಏರಿತು. ಸಟ್ಟಾಕ್ಕೆ ಪೇಟೆ ಬೇಕಿಲ್ಲ, ಬೀಗ ಹಾಕಿದ ಗೋದಾಮು ಸಾಕು.

ಗೋದಾಮಿನ ಲೆಕ್ಕ

ತೊಗರಿಯ ರಾಶಿ ಡಿಸೆಂಬರ್–ಜನವರಿಯಲ್ಲಿ. ಆ ಕಾಳು ಮುಂದಿನ ಚಳಿಗಾಲದವರೆಗೆ ಬರಬೇಕು. ಮುಂಗಾರು ಸೋತ ಸುದ್ದಿ ಬಂದಾಗ ಮಾಲು ಇಟ್ಟವರು ಮಾರುವುದನ್ನು ಮುಂದೂಡುತ್ತಾರೆ, ದಾಲ್ ಮಿಲ್‌ನವರು ಅವಸರದಲ್ಲಿ ಕೊಳ್ಳುತ್ತಾರೆ, ಅಂಗಡಿಯವರು ನಾಲ್ಕು ಚೀಲ ಹೆಚ್ಚೇ ಇಳಿಸಿಕೊಳ್ಳುತ್ತಾರೆ. ಒಬ್ಬೊಬ್ಬರದೂ ಸಣ್ಣ ಎಚ್ಚರಿಕೆ. ಒಟ್ಟಾದಾಗ ಪೇಟೆಯಿಂದ ಕಾಳೇ ಮಾಯ. ದರ ಎಷ್ಟಾದರೂ ಮನೆಯಲ್ಲಿ ಸಾರು ನಿಲ್ಲಿಸಲಾಗದು, ಹಾಗಾಗಿ ಕೊರತೆ ಸಣ್ಣದಾದರೂ ಬೆಲೆ ಜಿಗಿಯುತ್ತದೆ. 2015ರ ಅಕ್ಟೋಬರ್‌ನಲ್ಲಿ ಅಗತ್ಯ ವಸ್ತುಗಳ ಕಾಯ್ದೆಯಡಿ ದಾಸ್ತಾನು ಮಿತಿಯನ್ನು ಬಿಗಿಗೊಳಿಸಿ ದಾಳಿ ನಡೆಸಿದಾಗ, ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಸಾವಿರಾರು ಟನ್ ಬೇಳೆಕಾಳು ಸಿಕ್ಕಿತು.

ರೈತನ ಪಾಲು

ತೊಗರಿಯ ಕಣಜವೆನಿಸಿದ ಕಲಬುರಗಿಯ ಸಣ್ಣ ರೈತ ಬೀಜ, ಗೊಬ್ಬರದ ಸಾಲ ತೀರಿಸಲು ರಾಶಿಯಾದ ಕೂಡಲೇ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಚೀಲ ಹೊರುತ್ತಾನೆ. ಅಕ್ಟೋಬರ್‌ನ 200 ರೂಪಾಯಿ ಅವನದಲ್ಲ. ಆ ದರ ನಂಬಿ ಮರುವರ್ಷ ಹೆಚ್ಚು ಬಿತ್ತಿದ. 2016–17ರಲ್ಲಿ ಬೆಳೆ ಸುಮಾರು 49 ಲಕ್ಷ ಟನ್‌ಗೆ ಏರಿತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದರೂ ಪೇಟೆಯಲ್ಲಿ ಅಷ್ಟು ಸಿಗಲಿಲ್ಲ. ಅವನಿಗೆ ಬೇಕಾದದ್ದು ರಾಶಿಯಾದ ಮೇಲೆ ನಾಲ್ಕು ತಿಂಗಳು ಕಾಯುವ ಶಕ್ತಿ: ಊರ ಹತ್ತಿರ ಗೋದಾಮು, ಅಲ್ಲಿಟ್ಟ ಚೀಲದ ಮೇಲೆ ಕಡಿಮೆ ಬಡ್ಡಿಯ ಸಾಲ.