ಚರಾಂಗೊದಲ್ಲಿ ಸ್ಪೇನಿನ ಬರೋಕ್ ಸಂಗೀತ: ಒಂದು ಪರಿಚಯ

ದಕ್ಷಿಣ ಅಮೇರಿಕದ ಆಂಡಿಸ್ ಪರ್ವತ ಪ್ರದೇಶದ ಜನರು ನುಡಿಸುವ ಪುಟ್ಟ ತಂತಿವಾದ್ಯವೇ ಚರಾಂಗೊ. ಬರೋಕ್ ಕಾಲದಲ್ಲಿ, ಅಂದರೆ ಸುಮಾರು 1600ರಿಂದ 1750ರ ನಡುವೆ, ಸ್ಪೇನಿನಲ್ಲಿ ಗಿಟಾರಿಗಾಗಿ ರಚಿಸಲಾದ ಸಂಗೀತವನ್ನು ಈ ವಾದ್ಯದಲ್ಲಿಯೂ ನುಡಿಸಬಹುದು. ಮೇಲ್ನೋಟಕ್ಕೆ ಇದು ಆಳಿದವರ ಸಂಗೀತವನ್ನು ಆಳಿಸಿಕೊಂಡವರ ವಾದ್ಯದ ಮೇಲೆ ಹೇರಿದಂತೆ ಕಾಣಬಹುದು. ಆದರೆ ಎರಡಕ್ಕೂ ಹತ್ತಿರದ ನಂಟಿದೆ. ಆ ನಂಟನ್ನೂ, ನಮ್ಮ ಗಾಯನ ವೃಂದಗಳು ಅದರಿಂದ ಕಲಿಯಬಹುದಾದುದನ್ನೂ ಇಲ್ಲಿ ಸಂಕ್ಷಿಪ್ತವಾಗಿ ನೀಡುತ್ತಿದ್ದೇವೆ.

ವಾದ್ಯದ ಹಿನ್ನೆಲೆ

ಸ್ಪೇನಿನವರು ಆಂಡಿಸ್ ಪ್ರದೇಶವನ್ನು ವಶಪಡಿಸಿಕೊಂಡಾಗ ತಮ್ಮೊಂದಿಗೆ ಗಿಟಾರ್ ಮತ್ತು ವಿಹುಯೆಲಾ ಎಂಬ ತಂತಿವಾದ್ಯಗಳನ್ನು ತಂದರು. ಅಲ್ಲಿನ ಮೂಲನಿವಾಸಿಗಳು ಅವುಗಳನ್ನು ನೋಡಿ ತಮ್ಮ ಕೈಗೆ ಒಪ್ಪುವ ಚಿಕ್ಕ ವಾದ್ಯವನ್ನು ರೂಪಿಸಿಕೊಂಡರು. ಇದರ ಹುಟ್ಟೂರು ಯಾವುದೆಂಬ ಬಗ್ಗೆ ಬೊಲಿವಿಯಾ ಮತ್ತು ಪೆರು ದೇಶಗಳ ನಡುವೆ ಇಂದಿಗೂ ವಾದವಿದೆ. ಹಲವರು ಬೊಲಿವಿಯಾದ ಪೊಟೊಸಿ ನಗರದತ್ತ ಬೊಟ್ಟು ಮಾಡುತ್ತಾರೆ. 1545ರಲ್ಲಿ ಬೆಳ್ಳಿ ಪತ್ತೆಯಾದ ಪೊಟೊಸಿಯ ಗಣಿಗಳಲ್ಲಿ ಮೂಲನಿವಾಸಿಗಳನ್ನು ಬಲವಂತವಾಗಿ ದುಡಿಸಲಾಗುತ್ತಿತ್ತು. ಅದೇ ನಗರದ ಸಂತ ಲಾರೆನ್ಸರ ಇಗರ್ಜಿಯ ಕಲ್ಲಿನ ಮುಖದ್ವಾರದಲ್ಲಿ ಪುಟ್ಟ ತಂತಿವಾದ್ಯ ನುಡಿಸುವ ಮತ್ಸ್ಯಕನ್ಯೆಯರ ಕೆತ್ತನೆಯಿದೆ. 18ನೇ ಶತಮಾನದ ಮೊದಲರ್ಧದ ಈ ಕೆತ್ತನೆಯಲ್ಲಿರುವುದು ಚರಾಂಗೊ ಎಂದು ಅನೇಕರು ಗುರುತಿಸುತ್ತಾರೆ.

ಹಿಂದೆ ಚರಾಂಗೊದ ಹಿಂಬದಿಗೆ ಆರ್ಮಡಿಲೊ ಎಂಬ ಪ್ರಾಣಿಯ ಚಿಪ್ಪನ್ನು ಬಳಸುತ್ತಿದ್ದರು. ಆ ಪ್ರಾಣಿಯ ಸಂತತಿಗೆ ಕುತ್ತು ಬಂದುದರಿಂದ ಈಗ ಹೆಚ್ಚಾಗಿ ಒಂದೇ ಮರದ ತುಂಡನ್ನು ಕೊರೆದು ಮಾಡುತ್ತಾರೆ. ಗುಮಟೆಗೆ ಉಡದ ಚರ್ಮದ ಬದಲು ಮೇಕೆಯ ಚರ್ಮ ಬಂದುದನ್ನು ಬಲ್ಲ ಕರಾವಳಿಯ ಓದುಗರಿಗೆ ಇದು ಹೊಸತೆನಿಸದು.

ಗಾಸ್ಪಾರ್ ಸಾನ್ಸ್

ಈ ಸಂಗೀತದ ಮುಖ್ಯ ಹೆಸರು ಗಾಸ್ಪಾರ್ ಸಾನ್ಸ್. ಸ್ಪೇನಿನ ಅರಗಾನ್ ಪ್ರಾಂತ್ಯದ ಕಲಾಂಡಾದಲ್ಲಿ 1640ರಲ್ಲಿ ಸ್ನಾನದೀಕ್ಷೆ ಪಡೆದ ಇವರು ಸಾಲಮಾಂಕಾ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ಓದಿದರು. ನಂತರ ಇಟಲಿಯಲ್ಲಿ ಸಂಗೀತ ಕಲಿತರು. 1674ರಲ್ಲಿ ಸರಗೋಸಾದಲ್ಲಿ ಅವರ ಗಿಟಾರ್ ಬೋಧನೆಯ ಗ್ರಂಥ ಪ್ರಕಟವಾಯಿತು. ಯೇಸುಸಭೆಯ ಲೇಖಕ ದಾನಿಯೆಲ್ಲೊ ಬಾರ್ತೊಲಿಯವರ ಕೃತಿಯೊಂದನ್ನು ಸ್ಪ್ಯಾನಿಷ್ ಭಾಷೆಗೆ ಅನುವಾದಿಸಿದವರೂ ಇವರೇ. ಇವರ 'ಕನಾರಿಯೊಸ್' ಇಂದಿಗೂ ಗಿಟಾರ್ ವಿದ್ಯಾರ್ಥಿಗಳಿಗೆ ಪರಿಚಿತ. ಈ ಪರಂಪರೆಯ ಇನ್ನೊಬ್ಬರು ಸಾಂತಿಯಾಗೊ ದೆ ಮುರ್ಸಿಯಾ (1673–1739). ಅವರ ರಚನೆಗಳ ಒಂದು ಹಸ್ತಪ್ರತಿ 1943ರಲ್ಲಿ ಮೆಕ್ಸಿಕೊದಲ್ಲಿ ದೊರೆಯಿತು. ಈ ಸಂಗೀತವು ಸಾಗರ ದಾಟಿ ಅಮೇರಿಕ ಖಂಡವನ್ನು ತಲುಪಿತ್ತೆಂಬುದಕ್ಕೆ ಅದು ಸಾಕ್ಷಿ.

ಎರಡು ವಾದ್ಯಗಳ ಹೋಲಿಕೆ

ಬರೋಕ್ ಗಿಟಾರಿಗೆ ಐದು ಜೋಡಿ ತಂತಿಗಳು. ಚರಾಂಗೊಗೂ ಐದು ಜೋಡಿ. ಗಿಟಾರಿನ ಶ್ರುತಿ ಎ, ಡಿ, ಜಿ, ಬಿ, ಇ. ಚರಾಂಗೊದ್ದು ಜಿ, ಸಿ, ಇ, ಎ, ಇ. ಗಿಟಾರಿನ ಡಿ, ಜಿ, ಬಿ, ಇ ತಂತಿಗಳ ನಡುವಿನ ಅಂತರವೂ ಚರಾಂಗೊದ ಜಿ, ಸಿ, ಇ, ಎ ತಂತಿಗಳ ನಡುವಿನ ಅಂತರವೂ ಒಂದೇ ಕ್ರಮದಲ್ಲಿವೆ. ಆದುದರಿಂದ ಗಿಟಾರಿನಲ್ಲಿ ಡಿ ಕಾರ್ಡ್ ಹಿಡಿಯುವ ಬೆರಳುಗಳನ್ನು ಚರಾಂಗೊದ ಈ ನಾಲ್ಕು ಜೋಡಿಗಳ ಮೇಲೆ ಹಾಗೆಯೇ ಇಟ್ಟರೆ ಜಿ ಕಾರ್ಡ್ ಕೇಳಿಸುತ್ತದೆ. ಉಳಿದ ಕೊನೆಯ ಇ ಜೋಡಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿದರಾಯಿತು. ಡಿ ಸ್ವರದಲ್ಲಿರುವ 'ಕನಾರಿಯೊಸ್' ಚರಾಂಗೊದಲ್ಲಿ ಜಿ ಸ್ವರಕ್ಕೆ ಸುಲಭವಾಗಿ ಹೊಂದುವುದು ಈ ಕಾರಣದಿಂದ.

ಇನ್ನೊಂದು ಹೋಲಿಕೆ ಹೆಚ್ಚು ಮುಖ್ಯವಾದುದು. ಇಂದಿನ ಗಿಟಾರಿನಲ್ಲಿ ತಂತಿಗಳು ಮಂದ್ರದಿಂದ ತಾರಕ್ಕೆ ಕ್ರಮವಾಗಿ ಏರುತ್ತವೆ. ಚರಾಂಗೊದಲ್ಲಿ ಹಾಗಲ್ಲ; ಅತ್ಯಂತ ತಗ್ಗಿನ ಸ್ವರದ ತಂತಿ ನಡುವಿನ ಜೋಡಿಯಲ್ಲಿರುತ್ತದೆ. ಆ ಜೋಡಿಯ ಎರಡು ತಂತಿಗಳಲ್ಲಿ ಒಂದು ಇನ್ನೊಂದಕ್ಕಿಂತ ಒಂದು ಸಪ್ತಕ ಕೆಳಗೆ. ಸಾನ್ಸ್ ಕೂಡ ಸೂಕ್ಷ್ಮವಾಗಿ ಮೀಟಿ ನುಡಿಸುವ ಸಂಗೀತಕ್ಕೆ ದಪ್ಪ ಮಂದ್ರ ತಂತಿಗಳಿಲ್ಲದ ಗಿಟಾರನ್ನೇ ಮೆಚ್ಚಿದ್ದರು. ಆಗ ಸ್ವರಗಳ ಸಾಲನ್ನು ಒಂದೇ ತಂತಿಯಲ್ಲಿ ನುಡಿಸದೆ ಬೇರೆ ಬೇರೆ ತಂತಿಗಳಿಗೆ ಹಂಚಬಹುದು. ಒಂದು ಸ್ವರ ಅಡಗುವ ಮುನ್ನ ಇನ್ನೊಂದು ಮೊಳಗಿ, ಚಿಕ್ಕ ಗಂಟೆಗಳನ್ನು ಬಾರಿಸಿದಂತೆ ಕೇಳುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಇದನ್ನು 'ಕಂಪನೆಲಾ' ಎನ್ನುತ್ತಾರೆ. ಈ ವಿಧಾನಕ್ಕೆ ಚರಾಂಗೊ ಹೇಳಿಮಾಡಿಸಿದಂತಿದೆ.

ಎದುರಾಗುವ ತೊಡಕುಗಳು

ಎಲ್ಲವೂ ಸುಲಭವೇನಲ್ಲ. ಚರಾಂಗೊದ ಸ್ವರವ್ಯಾಪ್ತಿ ಕಿರಿದು, ಮಂದ್ರ ಸ್ವರಗಳಿಲ್ಲ. ಗಿಟಾರಿನ ಎ ಜೋಡಿಗೆ ಸಮನಾದ ತಂತಿ ಇಲ್ಲದಿರುವುದರಿಂದ ಆ ಸ್ವರಗಳನ್ನು ಬೇರೆ ಜೋಡಿಗಳಲ್ಲಿ ಹುಡುಕಬೇಕು, ಇಲ್ಲವೇ ಬಿಡಬೇಕು. ಸಿ ಜೋಡಿಯು ನಿರೀಕ್ಷೆಗಿಂತ ಒಂದು ಸಪ್ತಕ ಮೇಲೆ ನುಡಿಯುವುದರಿಂದ ರಾಗದ ಸಾಲು ಕೆಲವೆಡೆ ಹಠಾತ್ತನೆ ಜಿಗಿಯುತ್ತದೆ. ಫ್ರೆಟ್‌ಗಳು ಇಕ್ಕಟ್ಟಾಗಿವೆ. ಆದುದರಿಂದ ಬರೆದುದನ್ನು ಹಾಗೆಯೇ ನಕಲು ಮಾಡಿದರೆ ಸಾಲದು; ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ವಾದಕನು ವಿವೇಚಿಸಬೇಕು.

ಧರ್ಮಸಭೆ ಮತ್ತು ಚರಾಂಗೊ

ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ಸಂವಿಧಾನವು ಪೈಪ್ ಆರ್ಗನ್‌ಗೆ ಗೌರವದ ಸ್ಥಾನ ನೀಡಿತು. ಜೊತೆಗೆ, ಪವಿತ್ರ ಬಳಕೆಗೆ ಯೋಗ್ಯವಾದ, ದೇವಾಲಯದ ಘನತೆಗೆ ಒಪ್ಪುವ, ಭಕ್ತರನ್ನು ಆತ್ಮಿಕವಾಗಿ ಬೆಳೆಸುವ ಇತರ ವಾದ್ಯಗಳಿಗೂ ಅವಕಾಶ ಕೊಟ್ಟಿತು. ಮರುವರ್ಷ, 1964ರಲ್ಲಿ, ಅರ್ಜೆಂಟೀನಾದ ಅರಿಯೆಲ್ ರಾಮಿರೆಜ್ 'ಮಿಸಾ ಕ್ರಿಯೊಲ್ಲಾ' ಎಂಬ ಸ್ಪ್ಯಾನಿಷ್ ಬಲಿಪೂಜಾ ಸಂಗೀತವನ್ನು ರಚಿಸಿದರು. ಅದರ ಮೊದಲ ಧ್ವನಿಮುದ್ರಣದಲ್ಲಿ ಚರಾಂಗೊ ನುಡಿಸಿದವರು ಜೈಮೆ ಟೊರೆಸ್. ಹೊಲಗದ್ದೆ, ಗಣಿ, ಸಂತೆಗಳ ವಾದ್ಯವು ಬಲಿಪೂಜೆಯ ಮಹಿಮಾಗೀತೆಗೆ ಜೊತೆಯಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. 'ಕನಾರಿಯೊಸ್' ಮುಂತಾದವು ನೃತ್ಯದ ರಚನೆಗಳು. ಹಬ್ಬದ ಸಂಜೆಯ ಕಾರ್ಯಕ್ರಮಕ್ಕೆ ಅವು ಚೆನ್ನ. ಬಲಿಪೂಜೆಯಲ್ಲಿ ಅವುಗಳಿಗೆ ಸ್ಥಾನವಿಲ್ಲ. ವಾದ್ಯ ಯೋಗ್ಯವಾದ ಮಾತ್ರಕ್ಕೆ ಅದರಲ್ಲಿ ನುಡಿಸುವುದೆಲ್ಲವೂ ಆರಾಧನೆಗೆ ಯೋಗ್ಯವಾಗುವುದಿಲ್ಲ.

ಹಾಗೆಯೇ ಚಿಕ್ಕದೆಂದೋ ಹಳ್ಳಿಯದೆಂದೋ ಒಂದು ವಾದ್ಯವನ್ನು ದೂರವಿಡುವುದೂ ಸರಿಯಲ್ಲ. ಆಳುವವರಿಂದ ಬಂದ ವಾದ್ಯವನ್ನು ಆಂಡಿಸ್‌ನ ಬಡಜನರು ತಮ್ಮದಾಗಿಸಿಕೊಂಡರು. ಇಂದು ಅದೇ ಪುಟ್ಟ ವಾದ್ಯವು ಸಾನ್ಸ್ ಅವರ ಸಂಗೀತದಲ್ಲಿ ಅಡಗಿದ್ದ ಗಂಟೆಯ ನಾದವನ್ನು ಮತ್ತೆ ಕೇಳಿಸುತ್ತಿದೆ. ಇರುವ ವಾದ್ಯದ ಮಿತಿಯನ್ನು ಅರಿತು, ಅದರ ಗುಣವನ್ನು ಹೊರತರುವುದು ಸಂಗೀತಗಾರನ ಕರ್ತವ್ಯ. ದೊಡ್ಡ ಕೀಬೋರ್ಡ್ ಇಲ್ಲವೆಂದು ಕೊರಗುವ ನಮ್ಮ ಚಿಕ್ಕ ಧರ್ಮಕೇಂದ್ರಗಳ ಗಾಯನ ವೃಂದಗಳು ಇದನ್ನು ಗಮನಿಸಲಿ ಎಂಬುದು ನಮ್ಮ ಆಶಯ.