ಸಮಾಧಿಯೊಳಗಿನ ಎಲುಬು ಯಾರ ಸೊತ್ತು?

ನವೆಂಬರ್ 2ರ ಸಕಲ ಮೃತರ ಸ್ಮರಣೆಗೆ ಮುಂಚೆ ನಾವು ಯುವಜನರು ಸೇರಿ ಸಿಮಿತ್ರಿಯ ಹುಲ್ಲು ಕೀಳುವುದು ರೂಢಿ. ಈ ಸಲ ಕೆಲಸದ ನಡುವೆ ನಮ್ಮಲ್ಲೊಬ್ಬರು ಕೇಳಿದರು: ಹಳೆಯ ಗುಂಡಿಯಲ್ಲಿ ಇನ್ನೊಬ್ಬರನ್ನು ಹೂಳುವಾಗ ಎಲುಬು ತೆಗೆಯುತ್ತಾರಲ್ಲ, ಅದು ಯಾರ ಸೊತ್ತು? ಮನೆಯವರದೋ, ಇಗರ್ಜಿಯದೋ?

ಯಾರದ್ದೂ ಅಲ್ಲ ಎನ್ನುತ್ತದೆ ಇಂಗ್ಲೆಂಡಿನ ಹಳೆಯ ಕಾನೂನು. ನಮ್ಮ ದೇಶದ ಕಾನೂನಿನ ಬೇರು ಬಹುಪಾಲು ಅಲ್ಲೇ ಇರುವುದರಿಂದ ಆ ಕಥೆ ಗೊತ್ತಿರಲಿ.

1614ರಲ್ಲಿ ವಿಲಿಯಂ ಹೇನ್ಸ್ ಎಂಬವನು ಸಮಾಧಿಗಳನ್ನು ಅಗೆದು, ಶವಗಳಿಗೆ ಸುತ್ತಿದ್ದ ಬಟ್ಟೆ ಕದ್ದ. ಬಟ್ಟೆಯ ಮಾಲಿಕರು ಯಾರು? ಸತ್ತವರು ಆಸ್ತಿ ಹೊಂದಲಾರರು, ಆದ್ದರಿಂದ ಬಟ್ಟೆ ಅದನ್ನು ಹೊದಿಸಿದವರದೇ ಎಂದು ನ್ಯಾಯಾಧೀಶರು ಹೇಳಿದರು. ಮುಂದೆ ಇದರಿಂದಲೇ, ಶವಕ್ಕೆ ಮಾಲಿಕರಿಲ್ಲ ಎಂಬ ನಿಯಮ ಬೆಳೆಯಿತು. (ಅದೇ 1614ರಲ್ಲಿ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಬಲಗೈಯನ್ನು ಬೇರ್ಪಡಿಸಿ ರೋಮಿಗೆ ಕಳುಹಿಸಿದರು. ಅಲ್ಲಿ ಮಾಲಿಕತ್ವದ ಪ್ರಶ್ನೆ ಯಾರಿಗೂ ಹೊಳೆದಂತಿಲ್ಲ!)

ಈ ನಿಯಮದಿಂದ ವಿಚಿತ್ರವೊಂದು ಹುಟ್ಟಿತು. ವೈದ್ಯಶಾಲೆಗಳಿಗೆ ಶವ ಮಾರುವ ಕಳ್ಳರು ದೇಹ ಒಯ್ದು ಬಟ್ಟೆಯನ್ನು ಗುಂಡಿಯಲ್ಲೇ ಬಿಡುತ್ತಿದ್ದರು. ಬಟ್ಟೆ ಒಯ್ದರೆ ಕಳ್ಳತನ, ದೇಹ ಒಯ್ದರೆ ಅಲ್ಲ! 1788ರಲ್ಲಿ ಲಿನ್ ಎಂಬವನ ಮೊಕದ್ದಮೆಯಲ್ಲಿ, ಕಳ್ಳತನವಲ್ಲದಿದ್ದರೂ ಸಮಾಧಿಯಿಂದ ಶವ ತೆಗೆಯುವುದು ಅಪರಾಧವೇ ಎಂದು ತೀರ್ಪಾಯಿತು.

ನಮ್ಮ ಮನಸ್ಸು ಕಲಕಿದ್ದು ಮಾತ್ರ 1857ರ ಶಾರ್ಪ್ ಎಂಬ ಮಗನ ಕಥೆ. ಅವನ ತಾಯಿಯನ್ನು ಹೂಳಿದ್ದು ಇಂಗ್ಲೆಂಡಿನ ಅಧಿಕೃತ ಸಭೆಯಿಂದ ಬೇರೆಯಾಗಿದ್ದ ಒಂದು ಪಂಗಡದ ಸಮಾಧಿಭೂಮಿಯಲ್ಲಿ. ತಂದೆ ತೀರಿಕೊಂಡಾಗ ಇಬ್ಬರನ್ನೂ ಬೇರೊಂದು ಇಗರ್ಜಿಯ ಅಂಗಳದಲ್ಲಿ ಒಟ್ಟಿಗೆ ಮಲಗಿಸಬೇಕೆಂದು ಅವನಿಗೆ ಆಸೆ. ಅಪ್ಪನ ಪೆಟ್ಟಿಗೆ ಹಿಡಿಯುತ್ತದೋ ಎಂದು ನೋಡುವ ನೆಪ ಹೇಳಿ, ಬೀಗದ ಕೈ ಇದ್ದ ಮನೆಯ ಹೆಂಗಸನ್ನು ಒಪ್ಪಿಸಿ ಸಮಾಧಿ ತೆರೆಸಿದ. ಮೇಲಿದ್ದ ಮಲತಾಯಿಯ, ಇಬ್ಬರು ಮಕ್ಕಳ ಪೆಟ್ಟಿಗೆ ಸರಿಸಿ, ಅಡಿಯಲ್ಲಿ ಜೀರ್ಣವಾಗಿದ್ದ ತಾಯಿಯ ಅವಶೇಷವನ್ನು ಗಾಡಿಯಲ್ಲಿಟ್ಟು ಹೊರಟ. ಮಗನ ಪ್ರೀತಿಯನ್ನು ನ್ಯಾಯಾಲಯ ಅನುಮಾನಿಸಲಿಲ್ಲ. ಆದರೆ ಮಗನಾದ ಮಾತ್ರಕ್ಕೆ ಸಮಾಧಿ ಕದಡುವ ಹಕ್ಕಿಲ್ಲ ಎಂದಿತು. ಶಿಕ್ಷೆ? ಒಂದು ಶಿಲ್ಲಿಂಗ್ ದಂಡ. ನಮ್ಮಲ್ಲಿ ಕೆಲವರಿಗೆ ಅದೂ ಹೆಚ್ಚೇ ಅನ್ನಿಸಿತು.

ಮೂರು ವರ್ಷದ ನಂತರ, 1860ರ ಭಾರತೀಯ ದಂಡ ಸಂಹಿತೆಯ 297ನೇ ಕಲಮು ಬಂತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮು ಇದೆ. ಸಮಾಧಿಸ್ಥಳಕ್ಕೆ ಅತಿಕ್ರಮ ಪ್ರವೇಶ, ಶವಕ್ಕೆ ಅವಮಾನ ಇವುಗಳಿಗೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಆದರೆ ಇನ್ನೊಬ್ಬರ ಭಾವನೆ ನೋಯಿಸುವ ಅಥವಾ ಧರ್ಮವನ್ನು ಅವಮಾನಿಸುವ ಉದ್ದೇಶ ಇರಬೇಕು, ಇಲ್ಲವೇ ಹಾಗಾಗಬಹುದೆಂಬ ಅರಿವಾದರೂ ಇರಬೇಕು. ಮನಸ್ಸಿನಲ್ಲಿ ಏನಿತ್ತು ಎಂಬುದು ಇಲ್ಲಿ ಮುಖ್ಯ.

ಸಭೆ ಒಡೆದರೆ ಸಮಾಧಿಗಳನ್ನೂ ಹಂಚಿಕೊಳ್ಳಬೇಕೇ ಎಂಬ ಶಾರ್ಪ್‌ನ ಸಂಕಟ ನಮ್ಮ ಕೇರಳಕ್ಕೂ ಹೊಸತಲ್ಲ. ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಸಭೆಗಳ ವಿವಾದದಲ್ಲಿ ಶವಸಂಸ್ಕಾರವೇ ತಡೆದು ನಿಂತಾಗ, 2020ರಲ್ಲಿ ರಾಜ್ಯವು ಕಾನೂನು ತಂದಿತು. ಪೂರ್ವಿಕರು ಮಲಗಿರುವ ಇಗರ್ಜಿಯ ಸಿಮಿತ್ರಿಯಲ್ಲೇ ಹೂಳುವ ಹಕ್ಕು ಆ ಕುಟುಂಬಗಳಿಗೆ ದೊರಕಿತು. ಪ್ರಾರ್ಥನಾವಿಧಿಯನ್ನು ತಮಗೆ ಬೇಕಾದ ಗುರುಗಳಿಂದ ಬೇರೆಡೆ ಮಾಡಿಸಿಕೊಳ್ಳಬಹುದು.

ಎಲುಬು ಯಾರ ಸೊತ್ತೂ ಅಲ್ಲವಾದರೆ ಕಾಯುವವರು ಯಾರು? ಹುಲ್ಲು ಕೀಳುತ್ತ ನಾವು ಹೆಸರು ಅಳಿಸಿಹೋದ ಹನ್ನೊಂದು ಶಿಲುಬೆಗಳನ್ನು ಎಣಿಸಿದ್ದೇವೆ. ಮರಣ ದಾಖಲೆಯ ಪುಸ್ತಕ ನೋಡಿ ಹೆಸರು ಹುಡುಕುತ್ತಿದ್ದೇವೆ. ನಿಮ್ಮ ಮನೆಯ ಹಿರಿಯರನ್ನು ಹೂಳಿದ ಜಾಗ ಗೊತ್ತಿದ್ದರೆ, ಭಾನುವಾರ ಪೂಜೆಯ ನಂತರ ನಮಗೆ ತೋರಿಸಿ.