ಸಂಖ್ಯೆ ಯಾರ ಸ್ವತ್ತು?

ಇಪ್ಪತ್ತು ವರ್ಷಗಳ ಹಿಂದೆ ಕರ್ನಾಟಕದಲ್ಲಿ ಮೊಬೈಲ್ ಸಂಖ್ಯೆಯ ಮೊದಲ ನಾಲ್ಕು ಅಂಕಿ ಕೇಳಿದರೆ ಸಾಕು, ಅದು ಯಾವ ಕಂಪೆನಿಯದೆಂದು ಹೇಳಿಬಿಡಬಹುದಾಗಿತ್ತು. 9845 ಎಂದರೆ ಏರ್‌ಟೆಲ್, 9844 ಎಂದರೆ ಸ್ಪೈಸ್, 9448 ಎಂದರೆ ಬಿಎಸ್‌ಎನ್‌ಎಲ್. ಇಂದು ಹಾಗೆ ಹೇಳಲಾಗದು. ಆಗ ಸಂಖ್ಯೆ ಕಂಪೆನಿಯ ಜೊತೆಗಿರುತ್ತಿತ್ತು, ಈಗ ಗ್ರಾಹಕನ ಜೊತೆಗಿದೆ. ಈ ಬದಲಾವಣೆ ಸುಲಭವಾಗಿ ಆದದ್ದಲ್ಲ.

ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರಲ್ಲಿ. ಆಗ ಒಳಬರುವ ಕರೆಗೂ ಹಣ ತೆರಬೇಕಿತ್ತು. ದರ ಇಳಿಯುತ್ತಾ ಬಂದಂತೆ ಸಂಖ್ಯೆಗಳು ಅಂಗಡಿಯ ಫಲಕ, ಆಟೋರಿಕ್ಷಾದ ಬೆನ್ನು, ಮದುವೆಯ ಕರೆಯೋಲೆಗಳನ್ನು ಸೇರಿದವು. ಸೇವೆ ಎಷ್ಟೇ ಕೆಟ್ಟದಾಗಿದ್ದರೂ ಕಂಪೆನಿ ಬಿಡುವಂತಿರಲಿಲ್ಲ. ಬಿಟ್ಟರೆ ಸಂಖ್ಯೆ ಹೋಗುತ್ತಿತ್ತು, ಅದರೊಂದಿಗೆ ಗಿರಾಕಿಗಳೂ ಹೋಗುತ್ತಿದ್ದರು.

2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ 1 ಪೈಸೆ ದರ ತಂದಿತು. ಅಲ್ಲಿಯವರೆಗೆ 61 ಸೆಕೆಂಡು ಮಾತನಾಡಿದರೂ ಸಾಮಾನ್ಯವಾಗಿ ಎರಡು ನಿಮಿಷದ ಹಣ ಕಟ್ಟಬೇಕಿತ್ತು. ಹೊಸ ಕಂಪೆನಿಗಳು ಪೈಪೋಟಿಗೆ ಬಿದ್ದು ಅಗ್ಗದ ಸಿಮ್ ಮಾರಿದವು. ಜನ ಹಳೆಯ ಸಂಖ್ಯೆಯನ್ನು ಕರೆ ಸ್ವೀಕರಿಸಲು ಇಟ್ಟುಕೊಂಡು, ಕರೆ ಮಾಡಲು ಎರಡನೆಯ ಸಿಮ್ ಕೊಂಡರು.

ಬಿಡುಗಡೆಯ ದಾರಿ

ಸಂಖ್ಯೆ ಬದಲಿಸದೆ ಕಂಪೆನಿ ಬದಲಿಸುವ ವ್ಯವಸ್ಥೆಯನ್ನು ಸಿಂಗಪುರ 1997ರಲ್ಲೇ ತಂದಿತ್ತು. ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2006ರಲ್ಲಿ ಅದನ್ನು ಶಿಫಾರಸು ಮಾಡಿತು. ಜಾರಿಗೆ ಬರಲು ನಾಲ್ಕು ವರ್ಷಗಳು ಹಿಡಿದವು. 2010ರ ನವೆಂಬರ್ 25ರಂದು ಹರಿಯಾಣದಲ್ಲಿ, 2011ರ ಜನವರಿ 20ರಂದು ದೇಶದಾದ್ಯಂತ ಆರಂಭವಾಯಿತು. ಆಗ ಗರಿಷ್ಠ ಶುಲ್ಕ 19 ರೂಪಾಯಿ ಇತ್ತು. ಬೇರೆ ರಾಜ್ಯಕ್ಕೆ ಹೋದರೂ ಸಂಖ್ಯೆ ಉಳಿಸಿಕೊಳ್ಳುವ ಅವಕಾಶ 2015ರ ಜುಲೈಯಲ್ಲಿ ಸಿಕ್ಕಿತು.

ವಿಧಾನ ಸರಳ. ‘ಪೋರ್ಟ್’ ಎಂದು ಬರೆದು, ಮುಂದೆ ಸಂಖ್ಯೆ ನಮೂದಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಎಂಟು ಅಕ್ಷರ-ಅಂಕಿಗಳ ಕೋಡ್ ಬರುತ್ತದೆ. ಅದನ್ನು ಹೊಸ ಕಂಪೆನಿಗೆ ಕೊಡಬೇಕು. ಆದರೆ ಎಸ್ಸೆಮ್ಮೆಸ್ ಹೋಗಬೇಕಾದದ್ದು ಹಳೆಯ ಕಂಪೆನಿಯ ಜಾಲದಿಂದಲೇ. ಆ ಜಾಲವೇ ಸತ್ತರೆ?

ಮುಳುಗುವ ಹಡಗು

ಈ ಪ್ರಶ್ನೆ 2018ರ ಫೆಬ್ರುವರಿಯಲ್ಲಿ ತಮಿಳುನಾಡಿನಲ್ಲಿ ನಿಜವಾಯಿತು. 2016ರಲ್ಲಿ ಜಿಯೊ ಬಂದ ಮೇಲಿನ ದರ ಸಮರದಲ್ಲಿ ಸಣ್ಣ ಕಂಪೆನಿಗಳು ಸೋತಿದ್ದವು. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಗೆ ಮೊಬೈಲ್ ಕರೆ ಸೇವೆ ನಿಲ್ಲಿಸಿತ್ತು. ಈಗ ಏರ್‌ಸೆಲ್ ಸರದಿ. ತಮಿಳುನಾಡು ಅದರ ತವರು. ಜಾಲ ಕುಸಿಯುತ್ತಿದ್ದಂತೆ ಗ್ರಾಹಕರು ಅಂಗಡಿಗಳ ಮುಂದೆ ಜಮಾಯಿಸಿದರು. ಬ್ಯಾಂಕ್ ಖಾತೆ, ಆಧಾರ್, ಅಡುಗೆ ಅನಿಲ ಎಲ್ಲವೂ ಆ ಹತ್ತು ಅಂಕಿಗಳಿಗೆ ಅಂಟಿಕೊಂಡಿದ್ದವು. ಹೊರಹೋಗಲು ಬೇಕಾದ ಕೋಡ್ ಮಾತ್ರ ಬರಲೊಲ್ಲದು. ಕೊನೆಗೆ ಟ್ರಾಯ್ ಮಧ್ಯೆ ಪ್ರವೇಶಿಸಿ, ಗ್ರಾಹಕರಿಗೆ ಕೋಡ್ ಒದಗಿಸುವಂತೆ ಸೂಚಿಸಬೇಕಾಯಿತು.

ಹಾಗೆ ಹೊರಬಂದವರು ಸೇರಿದ್ದು ದೊಡ್ಡ ಕಂಪೆನಿಗಳನ್ನು. ಸೆಕೆಂಡಿಗೆ ಪೈಸೆಯ ದರ ತಂದ ಟಾಟಾದ ಮೊಬೈಲ್ ವ್ಯವಹಾರವೂ 2019ರಲ್ಲಿ ಏರ್‌ಟೆಲ್‌ನಲ್ಲಿ ವಿಲೀನವಾಯಿತು. ಸ್ಪೈಸ್ ಅನ್ನು 2008ರಲ್ಲೇ ಐಡಿಯಾ ಕೊಂಡಿತ್ತು. ಐಡಿಯಾ 2018ರಲ್ಲಿ ವೊಡಾಫೋನ್ ಜೊತೆ ಒಂದಾಯಿತು. ಆಯ್ಕೆಯ ಹಕ್ಕು ಕೈಗೆ ಬಂದ ಹತ್ತು ವರ್ಷಗಳೊಳಗೆ ಆಯ್ಕೆಗಳೇ ಬೆರಳೆಣಿಕೆಗೆ ಇಳಿದಿದ್ದವು.

ಆದರೂ ಆ ಹಕ್ಕು ವ್ಯರ್ಥವಾಗಲಿಲ್ಲ. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪೆನಿಗಳು ದರ ಏರಿಸಿದಾಗ ಅನೇಕರು ಅಗ್ಗದ ಬಿಎಸ್‌ಎನ್‌ಎಲ್‌ಗೆ ಹೊರಟರು, ಸಂಖ್ಯೆ ಸಮೇತ. ಅಗ್ಗದ್ದರಿಂದ ದೊಡ್ಡದಕ್ಕೆ ಹೋಗಲು ನೆರವಾದ ದಾರಿಯೇ ಮರಳಿ ಬರಲೂ ಒದಗಿತು.